ಮಾವನವರಿಗೊಂದು ಮಫ್ಲರ್

ಹೆಣ್ಣು ಕೊಟ್ಟ ಮಾವನಿಗೆ ಅಳಿಯನ ಮೇಲೆ ಒಂದಿಷ್ಟು ಗೌರವ ಇರಬೇಕೋ ಬೇಡವೋ, ನೀವೇ ಹೇಳಿ. ನನ್ನ ಮಾವ ಕರಿಬಸಪ್ಪನವರು ದಾವಣಗೆರೆಯ ಹತ್ತಿ ವ್ಯಾಪಾರಿ. ರಾಜಾಜಿನಗರದ ನಮ್ಮ ಮನೆಗೆ ಬಂದಾಗಲೆಲ್ಲ ನನ್ನೆದುರಿಗೇ ಮಗಳನ್ನು ಕೇಳುತ್ತಿದ್ದರು: "ನಿಮ್ಮ ಯಜಮಾನ್ರು ಕೈಲೆ ಏನಾರ ಕೆಲ್ಸ ಮಾಡ್ತಾರೇನವಾ, ಇಲ್ಲಾ ಆಫೀಸ್ನಾಗೆ ಬರೀ ಸಹಿ ಹಾಕದೇನಾ?" (ಸಹಿ ಹಾಕುವುದೂ ಕೈಯಿಂದಲೇ ಎಂಬುದು ಅವರಿಗೆ ಹೊಳೆದಿರಲಿಲ್ಲ.)

ಆದ್ದರಿಂದ ಎಪ್ಪತ್ನಾಲ್ಕರ ಚಳಿಗಾಲದಲ್ಲಿ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ: ನಾನೇ ನೂತ ನೂಲಿನಿಂದ ಮಾವನವರಿಗೊಂದು ಮಫ್ಲರ್! ಬರೀ ಉಣ್ಣೆಯಾದರೆ ಚುಚ್ಚುತ್ತದೆ, ಬರೀ ಹತ್ತಿಯಾದರೆ ಚಳಿ ತಡೆಯುವುದಿಲ್ಲ. ಎರಡನ್ನೂ ಬೆರೆಸುವುದು ನನ್ನ ಮಹಾ ಸಂಶೋಧನೆ. ಹಳೆಯ ಚರಕ ಸಿಕ್ಕಿತು. ಬ್ಯಾಡರಹಳ್ಳಿಯಲ್ಲಿ ಕುರಿ ಸಾಕಿದ್ದ ಮುನಿಯಣ್ಣ ಉಣ್ಣೆ ಕೊಟ್ಟ. ಹತ್ತಿಗೇಕೆ ಚಿಂತೆ? ಅದು ನಮ್ಮ ಹಾಸಿಗೆಯೊಳಗೇ ಇತ್ತು. ಹೆಂಡತಿ ಗಿರಿಜೆ ತರಕಾರಿಗೆ ಹೋದಾಗಲೆಲ್ಲ ನನ್ನ ಮಗ್ಗುಲಿನ ಹೊಲಿಗೆ ಬಿಚ್ಚಿ, ಒಂದು ಹಿಡಿ ಎಳೆದುಕೊಂಡು, ಮತ್ತೆ ಹೊಲಿದಿಡುತ್ತಿದ್ದೆ.

ಎರಡನ್ನೂ ಬಾಚಿ ಬೆರೆಸಿ, ದೀಪದ ಬತ್ತಿಯಂತೆ ಹೊಸೆದು, ನೂಲಲು ಕೂತೆ. ಎಳೆ ಬಂತು ಎನ್ನುವಷ್ಟರಲ್ಲಿ ಕಡಿಯುತ್ತಿತ್ತು. ಕಡಿಯದೆ ಉಳಿದದ್ದು ಒಂದು ಕಡೆ ಸೂಜಿದಾರ, ಇನ್ನೊಂದು ಕಡೆ ಬಾವಿಹಗ್ಗ.

"ನನ್ನ ಬಾಚಣಿಗೇಲಿ ಕುರಿ ಬಾಚಿದ್ರಾ?" ಗಿರಿಜೆ ಚೀರಿದಳು.

"ಕುರಿ ಅಲ್ಲ ಕಣೇ, ಅದರ ಕೂದಲು ಅಷ್ಟೆ."

"ಮನೆಯೆಲ್ಲಾ ಕುರಿ ನಾತ! ಪಕ್ಕದ್ಮನೆ ಕಮಲಾಕ್ಷಮ್ಮ ಕಾಂಪೌಂಡ್ ಹತ್ರ ಮೂಗೆಳ್ಕೊಂಡು, 'ಲಿಂಗಪೂಜೆ ಮಾಡೋರ ಮನೇಲಿ ಏನ್ರೀ ಬೇಯಿಸ್ತಾ ಇದೀರಿ?' ಅಂದ್ರು. ನಾನೆಲ್ಲಿ ಮುಖ ಇಟ್ಕೊಳ್ಲಿ?"

"ನಿಮ್ಮಪ್ಪನಿಗೆ ಮಫ್ಲರ್ ಮಾಡ್ತಾ ಇದೀನಿ ಕಣೇ!"

ಅಪ್ಪ ಎಂದೊಡನೆ ಗಿರಿಜೆ ಕರಗಿದಳು. ನೂಲನ್ನು ಅಂಟುವಾಳದಲ್ಲಿ ತೊಳೆದು, ತಾನೇ ಮಫ್ಲರ್ ಹೆಣೆದಳು.

ಮಾವ ಬಂದರು, ಸುತ್ತಿಕೊಂಡರು. "ನೀವೇ ನೂತಿದ್ದಾ?" ಎಂದರು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಅವರು ಒಂದು ಎಳೆ ಕಿತ್ತು ಬಿಡಿಸಿ, ಬೆರಳಲ್ಲಿ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದರು.

"ಉಣ್ಣೆ ಯಾವ ಕುರೀದೋ ಗೊತ್ತಿಲ್ಲ. ಹತ್ತಿ ಮಾತ್ರ ನಂದೇ! ನಿಮ್ಮ ಮದುವಿ ಹಾಸಿಗಿಗೆ ನಾನೇ ಆರಿಸಿ ತುಂಬಿಸಿದ್ದು."

ಸೀದಾ ಕೋಣೆಗೆ ಹೋಗಿ ಹಾಸಿಗೆ ಒತ್ತಿದರು. ನನ್ನ ಮಗ್ಗುಲಲ್ಲಿ ಕೈ ಮಂಚದ ಹಲಗೆಗೇ ತಾಗಿತು. ಗಿರಿಜೆ ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ.

ಆದರೆ ಮಾವ ಗಹಗಹಿಸಿ ನಕ್ಕು ನನ್ನ ಬೆನ್ನು ತಟ್ಟಿದರು. "ಅಳಿಯಂದ್ರ ಕೈಯಾಗ ಇಂಥಾ ಕಲೆ ಐತಿ ಅಂತ ಗೊತ್ತೇ ಇರ್ಲಿಲ್ಲ! ಒಂದು ಅಂಡಿಗೆ ಹತ್ತಿ ಕಳಿಸ್ತೀನಿ. ಉಳಿದ ಅಳಿಯಂದ್ರಿಗೂ ಒಂದೊಂದು ಮಫ್ಲರ್ ಆಗ್ಲಿ."

"ನೂಲ್ತಾರೆ ಬಿಡಪ್ಪ, ಭಾನುವಾರ ಸುಮ್ನೇ ತಾನೇ ಕೂತಿರ್ತಾರೆ," ಎಂದಳು ಗಿರಿಜೆ.

ಅಂಡಿಗೆಯೇನೋ ಬಂತು, ಬಾಗಿಲು ತುಂಬುವಷ್ಟು ದೊಡ್ಡ ಹತ್ತಿಮೂಟೆ. ಎರಡು ಹಿಡಿ ಹಾಸಿಗೆಗೆ ತುಂಬೋಣವೆಂದು ಹೋದರೆ ಗಿರಿಜೆ ಕೈಮೇಲೆ ಫಟ್ಟನೆ ಹೊಡೆದಳು. "ಮುಟ್ಬೇಡಿ, ಅದು ನಮ್ಮ ಭಾವಂದಿರ ಮಫ್ಲರಿಗೆ!"

ಗೌರವ ಬೇಕಿತ್ತು, ಅಂಡಿಗೆಗಟ್ಟಲೆ ಸಿಕ್ಕಿತು. ಈಗ ಷಡ್ಡಕರ ಕುತ್ತಿಗೆ ಬೆಚ್ಚಗಿರಲೆಂದು ಭಾನುವಾರವಿಡೀ ನೂಲುತ್ತೇನೆ. ಬೆನ್ನು ನೋವಾದರೆ, ನಾನೇ ತೋಡಿದ ಹಳ್ಳದಲ್ಲಿ ಹೋಗಿ ಮಲಗುತ್ತೇನೆ.