ಒತ್ತಿದ ಸ್ವಿಚ್ಚು ಒಂದು, ಹತ್ತಿದ ದೀಪ ಇನ್ನೊಂದು

ಶಿಕಾರಿಪುರದಿಂದ ಸೊರಬದವರೆಗೆ ಯಾರ ಮನೆಗಾದರೂ ಹೋಗಿ, ಕಣ್ಣಿಗೆ ಕಂಡ ಸ್ವಿಚ್ಚು ಒತ್ತಿ ನೋಡಿ. ನೀವು ಅಂದುಕೊಂಡ ದೀಪವೇ ಹತ್ತಿದರೆ ಆ ಮನೆಗೆ ನಾನು ಹೋಗಿ ಬಂದಿದ್ದೇನೆ ಅಂತ ತಿಳಿಯಿರಿ. ಬೇರೆ ಏನಾದರೂ ಹತ್ತಿದರೆ ಇವತ್ತಲ್ಲ ನಾಳೆ ನನಗೆ ಫೋನ್ ಬರುತ್ತದೆ. ಜಂಬ ಅನ್ನುವವರು ಅನ್ನಲಿ. ಐಟಿಐಗೆ ಹೋಗಿ ಎಲೆಕ್ಟ್ರಿಷಿಯನ್ ಕೆಲಸ ಕಲಿತು, ಸ್ಕೂಟಿಯ ಡಿಕ್ಕಿಯಲ್ಲಿ ಟೆಸ್ಟರು, ಕಟಿಂಗ್ ಪ್ಲೇಯರು ಇಟ್ಟುಕೊಂಡು ತಿರುಗುವ ಹೆಂಗಸು ಈ ಎರಡು ತಾಲ್ಲೂಕಿನಲ್ಲಿ ನಾನು ಕಂಡಂತೆ ನಾನೊಬ್ಬಳೇ. ಎಲ್ಲರ ಬಾಯಲ್ಲೂ ನಾನು ‘ಕರೆಂಟ್ ಅಕ್ಕ’. ವೈರಿಂಗ್ ಮಾಡುವವರಿಗೆ ಅವಸರ ಇರುವವರೆಗೆ ನನ್ನ ಕೆಲಸಕ್ಕೂ ಬರವಿಲ್ಲ, ನಗುವಿಗೂ ಬರವಿಲ್ಲ.

ಬಂದು ಹೋದ ಯಜಮಾನರು

ಆನವಟ್ಟಿಯಲ್ಲಿ ಒಂದು ಮನೆ. ನಡುಮನೆಯಲ್ಲಿ ಎರಡು ಹಳೇ ಹಳದಿ ಬಲ್ಬು, ಎರಡೂ ಮಿಣುಕುಹುಳದ ಹಾಗೆ ಮಿಣಮಿಣ ಅನ್ನುತ್ತಿದ್ದವು. ವೋಲ್ಟೇಜ್ ಇಲ್ಲವೆಂದು ಮನೆಯ ಯಜಮಾನರು ವರ್ಷವಿಡೀ ಲೈನ್‌ಮನ್‌ಗೆ ಸಹಸ್ರನಾಮ ಮಾಡಿದ್ದರು. ನನ್ನನ್ನು ಕೂರಿಸಿ, ಕಾಫಿ ಕೊಟ್ಟು, “ನಿಮ್ ಯಜಮಾನ್ರು ಎಷ್ಟೊತ್ತಿಗೆ ಬರ್ತಾರ್ರೀ?” ಎಂದು ಕೇಳಿದರು.

ನಮ್ಮ ಯಜಮಾನರು ಟೈಲರ್. ಬಲ್ಬ್ ಬದಲಿಸಲು ಕುರ್ಚಿ ಹತ್ತಿ ಎಂದರೂ ಕಾಲು ನಡುಗುವ ಮನುಷ್ಯ. “ಕೆಲ್ಸ ಮಾಡೋದು ನಾನೇ ರೀ” ಎಂದೆ.

“ಆಯ್ತಾಯ್ತು, ಅವ್ರು ಬರ್ಲಿ” ಎಂದು ಅವರು ಗೇಟಿಗೆ ಹೋಗಿ ರಸ್ತೆ ನೋಡುತ್ತಾ ನಿಂತರು.

ಯಾರೋ ಒಂದು ಬಲ್ಬಿನಿಂದ ಹೊರಟ ವೈರನ್ನೇ ಇನ್ನೊಂದಕ್ಕೆ ಕೊಟ್ಟು, ಒಬ್ಬರ ಊಟವನ್ನು ಇಬ್ಬರಿಗೆ ಹಂಚಿದಂತೆ ಮಾಡಿದ್ದರು. ಎರಡಕ್ಕೂ ಬೇರೆ ಬೇರೆ ವೈರು ಕೊಟ್ಟೆ. ಎರಡೂ ಝಗ್ಗೆಂದು ಉರಿದವು. ಬೆಳಕು ಕಂಡು ಯಜಮಾನರು ಓಡಿ ಬಂದರು. “ಅರೆ! ನಾನು ಗೇಟಲ್ಲೇ ಇದ್ನಲ್ರೀ, ಯಾವಾಗ ಬಂದ್ರು ನಿಮ್ಮೋರು?”

“ಬಂದು ಹೋದ್ರು” ಎಂದೆ.

ಸ್ವಿಚ್ಚಿಗೆ ಕುಂಕುಮ

ಶಿಕಾರಿಪುರದ ಒಂದು ಹೊಸ ಮನೆಯಲ್ಲಿ ಗೋಡೆ ತುಂಬ ಸ್ವಿಚ್ಚುಗಳ ಸಾಲು. ಯಾವುದು ಯಾವುದಕ್ಕೆ ಎಂದು ಕಟ್ಟಿಸಿದವರಿಗೂ ಗೊತ್ತಿಲ್ಲ, ಕಟ್ಟಿದವರಿಗೂ ಗೊತ್ತಿಲ್ಲ. ಸೊಸೆ ಜಾಣೆ. ಫ್ಯಾನಿನ ಸ್ವಿಚ್ಚಿಗೆ ಕುಂಕುಮದ ಬೊಟ್ಟು, ಟ್ಯೂಬ್‌ಲೈಟಿನದಕ್ಕೆ ಅರಿಶಿನ, ಹೊರಗಿನ ದೀಪದ್ದಕ್ಕೆ ವಿಭೂತಿ ಇಟ್ಟು ಗುರುತು ಮಾಡಿಕೊಂಡಿದ್ದಳು. ಸಂಸಾರ ಸುಸೂತ್ರವಾಗಿ ನಡೆದಿತ್ತು.

ಆಯುಧಪೂಜೆ ಬಂತು. ಮಾವ ಮಡಿಯುಟ್ಟು ಬೈಕು, ಕುಡುಗೋಲು, ಮಿಕ್ಸಿ ಎಲ್ಲಕ್ಕೂ ಪೂಜೆ ಮಾಡಿದರು. ಆಮೇಲೆ ಸ್ವಿಚ್‌ಬೋರ್ಡಿನ ಮುಂದೆ ನಿಂತು, ಒಂದೊಂದು ಸ್ವಿಚ್ಚಿಗೂ ಭಕ್ತಿಯಿಂದ ಮೂರು ಗೆರೆ ವಿಭೂತಿ ಬಳಿದು, ನಡುವೆ ಕುಂಕುಮ, ಮೇಲೆ ಅರಿಶಿನ ಇಟ್ಟುಬಿಟ್ಟರು.

“ಅಕ್ಕಾರ, ಲಗೂನ ಬರ್ರಿ. ಫ್ಯಾನ್ ಹಾಕಾಕ್ ಹೋದ್ರ ಗೇಟಿನ್ ದೀಪ ಹತ್ತಾಕತ್ತೈತಿ” ಎಂದು ಸೊಸೆ ಫೋನಿನಲ್ಲಿ ಅಳುವುದೊಂದು ಬಾಕಿ.

ಬೋರ್ಡು ಬಿಚ್ಚಿ, ಒಂದೊಂದೇ ವೈರು ಹುಡುಕಿ, ಬಾಗಿಲಿನಿಂದ ಹಿಡಿದು ಒಳಗಿನವರೆಗೆ ದೀಪಗಳ ಸಾಲಿನಂತೆಯೇ ಸ್ವಿಚ್ಚುಗಳ ಸಾಲು ಕೂರಿಸಿದೆ. ಕಣ್ಣು ಮುಚ್ಚಿ ಒತ್ತಿದರೂ ತಪ್ಪುವಂತಿರಲಿಲ್ಲ. ನನ್ನ ಕೆಲಸಕ್ಕೆ ನಾನೇ ಮನಸೋತು ನಿಂತಿದ್ದೆ. ಮಾವ ಬಂದರು, ಎಲ್ಲವನ್ನೂ ಒಂದು ಸಲ ಒತ್ತಿದರು, ಬೋರ್ಡಿಗೆ ಕೈ ಮುಗಿದು ಸೊಸೆಗೆ ಹೇಳಿದರು: “ನೋಡಿದಿ? ಪೂಜಿ ಮಾಡಿದ್ದಕ್ಕ ಎಲ್ಲಾ ಸರಿ ಹೋದ್ವು.”

ದೇವರು ಏಳುವ ಹೊತ್ತು

ಚಂದ್ರಗುತ್ತಿ ಕಡೆಯ ಒಂದು ಮನೆಯಲ್ಲಿ ದೇವರ ಮನೆಯ ದೀಪ ದಿನಾ ಬೆಳಗಿನ ಜಾವ ತಂತಾನೇ ಹತ್ತುತ್ತಿತ್ತು. ದೇವರು ಎದ್ದ ಎಂದು ಅಜ್ಜಿ ಕೈಕಾಲು ತೊಳೆದು ಮಂಗಳಾರತಿ ಎತ್ತುತ್ತಿದ್ದರು. ಮನೆಯವರೂ ಭಕ್ತಿಯಿಂದ ಸುಮ್ಮನಿದ್ದರು. ಆದರೆ ಒಂದು ದಿನ ಅಜ್ಜನ ಹೊಟ್ಟೆ ಕೆಟ್ಟಿತು. ಆವತ್ತು ದೇವರು ಮಧ್ಯಾಹ್ನದವರೆಗೂ ಎದ್ದ, ಮಲಗಿದ, ಮತ್ತೆ ಎದ್ದ. ಕರ್ಪೂರದ ಡಬ್ಬಿ ಖಾಲಿಯಾಗಿ, ಅಜ್ಜಿಯ ತೋಳು ಸೋತು, ಕೊನೆಗೆ ಮಗ ನನಗೆ ಫೋನ್ ಮಾಡಿದ.

ನಾನು ಹೋದಾಗ ಅಜ್ಜ ಆಗಷ್ಟೇ ತಮಗೆಂದೇ ಕಟ್ಟಿಸಿದ್ದ ಕಕ್ಕಸು-ಬಚ್ಚಲಿಗೆ ಹೊರಟಿದ್ದರು. ಹೊರಗಿನ ಸ್ವಿಚ್ಚು ಒತ್ತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇತ್ತ ದೇವರ ಮನೆಯಲ್ಲಿ ಬೆಳಕೋ ಬೆಳಕು. ನನಗೆ ಟೆಸ್ಟರೇ ಬೇಕಾಗಲಿಲ್ಲ. ಬಚ್ಚಲಿನ ದೀಪದ ವೈರು ಗೋಡೆ ದಾಟಿ ದೇವರ ದೀಪಕ್ಕೂ ಹೋಗಿತ್ತು. ಅಜ್ಜಿಗೆ ಇದನ್ನು ಹೇಳುವಾಗ ನಗು ತಡೆಯುವುದೇ ಕಷ್ಟವಾಯಿತು.

ಅಜ್ಜಿ ಗಲ್ಲಕ್ಕೆ ಕೈಯಿಟ್ಟರು. “ಹಂಗಾರೆ ಇಷ್ಟು ದಿನ ನಾನು ಆರತಿ ಎತ್ತಿದ್ದು ಯಾರಿಗೆ ಮಾರಾಯ್ತಿ?”

ಬಚ್ಚಲಿನೊಳಗಿಂದ ಅಜ್ಜನ ದನಿ ಬಂತು: “ನಂಗೇ ಅಂತ ತಿಳ್ಕ! ಮದುವೆ ದಿನ ಬಿಟ್ರೆ ಮತ್ತೆ ಯಾವತ್ತು ಎತ್ತಿದ್ದೀಯ?”

ಗೋಡೆಯ ಆಚೆ ಈಚೆ

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಕುಬಟೂರಿನ ಕಡೆಯ ಇಬ್ಬರು ಅಣ್ಣತಮ್ಮಂದಿರು ಪಾಲಾಗಿ, ಇದ್ದ ಮನೆಯ ಪಡಸಾಲೆಯ ನಡುವೆಯೇ ಗೋಡೆ ಎಬ್ಬಿಸಿಕೊಂಡಿದ್ದರು. ಹೊಲ, ದನ, ಹಂಡೆ, ಒರಳುಕಲ್ಲು ಎಲ್ಲಕ್ಕೂ ಪಂಚರು ಕೂತು ಪಾಲು ಮಾಡಿದ್ದರು. ಸ್ವಿಚ್ಚುಗಳ ನೆನಪು ಮಾತ್ರ ಯಾರಿಗೂ ಬಂದಿರಲಿಲ್ಲ. ಗೋಡೆ ಎದ್ದ ಮೇಲೆ ನೋಡಿದರೆ ತಮ್ಮನ ದೀಪದ ಸ್ವಿಚ್ಚು ಅಣ್ಣನ ಕಡೆ, ಅಣ್ಣನ ಫ್ಯಾನಿನ ಸ್ವಿಚ್ಚು ತಮ್ಮನ ಕಡೆ!

“ಅಣ್ಣಾ, ಲೈಟ್ ಹಾಕು!”

“ನೀ ಮೊದ್ಲು ಫ್ಯಾನ್ ಹಾಕೋ!”

ಸಂಜೆಯಾದರೆ ಗೋಡೆಯ ಮೇಲಿಂದ ಇದೇ ಕೂಗು. ಸಿಟ್ಟು ಬಂದರೆ ಇವನು ಊಟದ ನಡುವೆ ದೀಪ ಆರಿಸುವುದು, ಅವನು ಫ್ಯಾನ್ ನಿಲ್ಲಿಸುವುದು. ಸಾಕಾಗಿ ನನ್ನನ್ನು ಕರೆಸಿದರು. ಜಗಲಿಯ ಗೋಡೆಯ ಮೇಲ್ಗಡೆ, ವೈರುಗಳೆಲ್ಲ ಕೂಡುವ ಜಾಯಿಂಟ್ ಬಾಕ್ಸ್ ಬಿಚ್ಚಿ ಎರಡು ವೈರು ಅದಲುಬದಲು ಮಾಡಿದೆ. ಅವರವರ ದೀಪ, ಫ್ಯಾನು ಅವರವರ ಕೈಗೆ ಬಂದವು. ಇಬ್ಬರೂ ಒಂದೊಂದು ಸಲ ಒತ್ತಿ ನೋಡಿ, ಖುಷಿಯಾಗಿ ಒಳಗೆ ಹೋದರು. ಪಂಚರ ಕೈಲಾಗದ್ದನ್ನು ನಾನು ಮಾಡಿದೆ ಎಂದು ಬೀಗುತ್ತಾ ಮನೆಗೆ ಬಂದೆ.

ಸ್ವಲ್ಪ ದಿನಕ್ಕೆ ಅವರ ತಾಯಿಯ ಫೋನ್ ಬಂತು. “ನೀ ಸರಿ ಮಾಡಿ ಹೋದಾಗಿಂದ ಇಬ್ರೂ ಮಾತೇ ಬಿಟ್ಟಾರೆ ಕಣವ್ವಾ. ಮೊದ್ಲು ಬೈಯಕ್ಕಾದ್ರೂ ಬಾಯಿ ಬಿಡ್ತಿದ್ರು. ದೊಡ್ಡೋನಿಗೆ ಜ್ವರ ಬಂದು ಮಲಗಿದ್ರೆ ಗೋಡೆ ಆಚೆ ಇದ್ದ ತಮ್ಮಂಗೆ ಗೊತ್ತೇ ಆಗ್ಲಿಲ್ಲ. ಮೊದ್ಲಿನ ಹಂಗೇ ಕೆಡಿಸಿ ಕೊಡು ತಾಯಿ.”

ನನ್ನ ಕಸುಬಿನ ಮಾನಕ್ಕೇ ಕೈ ಹಾಕಿದಂತಾಯಿತು. “ಕೆಡಿಸೋ ಕೆಲ್ಸ ನಾನು ಕಲ್ತಿಲ್ಲ ಅಮ್ಮಾ” ಎಂದೆ. ಆ ಕಡೆ ಸೆರಗಿನಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ಯಾರೂ ಇಲ್ಲದ ಹೊತ್ತು ಹೇಳಿ, ಬರ್ತೀನಿ” ಎಂದೆ.

ಮಾರನೇ ದಿನ ಮಕ್ಕಳು, ಸೊಸೆಯರು ಜೋಳ ಮುರಿಯಲು ಹೊಲಕ್ಕೆ ಹೋಗಿದ್ದಾಗ ಹೋದೆ. ತಾಯಿಯೇ ಏಣಿ ಹಿಡಿದುಕೊಂಡರು. ಎರಡು ವೈರನ್ನು ಮತ್ತೆ ಅದಲುಬದಲು ಮಾಡಿದೆ. ಈ ಸಲ ಸ್ಕ್ರೂಗಳನ್ನು ಬಿಗಿ ಮಾಡಿದಷ್ಟು ಸರಿ ಮಾಡಿದಾಗಲೂ ಮಾಡಿರಲಿಲ್ಲ.

ಸಂಜೆ ಫೋನ್ ಬಂತು. ಮಾತಾಡಿದ್ದು ಅಣ್ಣ. “ಏನ್ರೀ ಅಕ್ಕಾ, ನಿಮ್ ಕೆಲ್ಸ ಇಷ್ಟೇನಾ? ತಮ್ಮನ್ ಲೈಟು ಮತ್ತೆ ನನ್ ಕಡೆ ಬಂದೈತೆ. ಅವ್ನು ಕತ್ಲಲ್ಲಿ ಊಟ ಮಾಡ್ಬೇಕಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಫೋನ್ ಕಿತ್ತುಕೊಂಡ. “ಅಣ್ಣನ್ ಫ್ಯಾನು ನಮ್ ಸ್ವಿಚ್ಚಿಗೆ ಕೊಟ್ಟೀರಲ್ರೀ! ಜ್ವರ ಬಂದು ಎದ್ದಿರೋ ಮನುಷ್ಯ, ಸೆಕೆಲಿ ಏನ್ ಮಾಡ್ಬೇಕು? ಕೆಲ್ಸ ಬರಲ್ಲ ಅಂದ್ರೆ ಯಾಕ್ ಬರ್ತೀರಿ?”

“ಹ್ಞೂಂ, ಹಂಗೇ ಕೇಳು!” ಎಂದ ಅಣ್ಣ ಪಕ್ಕದಿಂದ.

ಕೆಲಸ ಬರಲ್ಲ ಎಂಬ ಮಾತನ್ನು ಅದುವರೆಗೆ ಯಾರೂ ನನಗೆ ಅಂದಿರಲಿಲ್ಲ. ಕಿವಿ ಬಿಸಿಯಾಯಿತು ನಿಜ, ಆದರೆ ಹೆಮ್ಮೆಯಿಂದ ಎದೆ ಇಷ್ಟಗಲವಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಅವರ ತಾಯಿಯ ದನಿ ಕೇಳಿಸಿತು:

“ಅಷ್ಟಕ್ಕೇ ಬಿಡಬ್ಯಾಡ್ರೋ ಅವ್ಳನ್ನ! ಇಬ್ರೂ ಸೇರಿ ಇನ್ನೊಂದಿಷ್ಟು ಬೈರಿ!”