ಲಕ್ರಾಸ್ ಕೋಲಿಗೆ ಕುಂಕುಮ

ಅನಘಾ, ರೋಹನ್, ನಿಮ್ಮ ಅಜ್ಜಿಯಂಥ ನಾಚಿಕೆಯ ಸ್ವಭಾವದವರಿಗೆ ಒಂದು ಅನುಕೂಲವಿದೆ. ನಾವು ಬಾಯಿ ಬಿಡದಿದ್ದರೆ ನಮ್ಮೊಳಗೆ ಏನೋ ದೊಡ್ಡದಿದೆ ಎಂದು ಜನ ತಿಳಿಯುತ್ತಾರೆ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ ನನ್ನ ಬಗ್ಗೆ ಒಂದು ಕಾಲೇಜಿನ ಲಕ್ರಾಸ್ ತಂಡವೇ ಕೆಲವು ವರ್ಷ ಹಾಗೆ ತಿಳಿದಿತ್ತು. ಅದಕ್ಕಿಂತ ನಾಚಿಕೆಯ ಸಂಗತಿ ಎಂದರೆ, ನಾನೂ ಹಾಗೆಯೇ ತಿಳಿದಿದ್ದೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಿಮ್ಮ ತಾತ ಡೆಟ್ರಾಯಿಟಿನ ಹತ್ತಿರ ಒಂದು ಸಣ್ಣ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಆಟದ ತಂಡಕ್ಕೆ ಒಬ್ಬ ಮೇಷ್ಟರು ಸಲಹೆಗಾರರಾಗಿರಬೇಕು ಎಂಬ ನಿಯಮವಿತ್ತು. ಅದನ್ನು ತೀರ್ಮಾನಿಸುವ ಮೀಟಿಂಗಿಗೆ ಉಳಿದವರೆಲ್ಲ ತಪ್ಪಿಸಿಕೊಂಡರು, ತಾತ ಹೋದರು, ತಾತನೇ ಸಲಹೆಗಾರರಾದರು. ಆಟದ ತಲೆಬುಡ ಅವರಿಗೆ ತಿಳಿಯದು. ನನಗೆ ಅಷ್ಟೂ ತಿಳಿಯದು. ಮೊದಲ ಸಲ ಆ ಕೋಲನ್ನು ಕಂಡಾಗ ನೆನಪಾದದ್ದು ಮಾವಿನಕಾಯಿ ಕೀಳುವ ದೋಟಿ. ಅದೇ ಉದ್ದ ಕೋಲು, ತುದಿಗೆ ಅದೇ ಬಲೆಯ ಚೀಲ. ಹುಡುಗರು ಅದರಲ್ಲಿ ಚೆಂಡು ಹಿಡಿದು ಓಡುತ್ತಾರೆ, ಗೋಲಿಗೆ ಎಸೆಯುತ್ತಾರೆ, ಅಡ್ಡ ಬಂದವನಿಗೆ ಅದರಿಂದಲೇ ಬಾರಿಸುತ್ತಾರೆ. ನಮ್ಮೂರಿನಲ್ಲಿ ದೋಟಿ ಹಿಡಿದು ಹೀಗೆ ಬಡಿದಾಡಿದ್ದರೆ ಪಂಚಾಯಿತಿ ಸೇರುತ್ತಿತ್ತು. ಇಲ್ಲಿ ಕಪ್ ಕೊಡುತ್ತಿದ್ದರು.

ಕಾಲೇಜಿನ ಸಾಮಾನಿನ ಕೋಣೆ ಸೋರುತ್ತಿದೆ ಎಂದು ಒಂದು ಅಕ್ಟೋಬರಿನಲ್ಲಿ ತಂಡದ ಕೋಲುಗಳನ್ನೆಲ್ಲ ನಮ್ಮ ಗರಾಜಿನಲ್ಲಿ ತಂದಿಟ್ಟರು. ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರು, ಹೊಲಿಗೆ ಮಿಷನ್ನು, ಹಿಮ ಎತ್ತಿಹಾಕುವ ಸಲಿಕೆ ಎಲ್ಲಕ್ಕೂ ಕುಂಕುಮ ಹಚ್ಚಿದೆ. ಸಲಿಕೆಗೆ ಸಿಕ್ಕಿದ ಮರ್ಯಾದೆ ಪಕ್ಕದಲ್ಲೇ ಒರಗಿ ನಿಂತ ಕೋಲುಗಳಿಗೆ ತಪ್ಪಬಾರದೆಂದು ಅವಕ್ಕೂ ಒಂದೊಂದು ಬೊಟ್ಟಿಟ್ಟೆ. ಮಾರನೆಯ ದಿನ ಕೋಚ್ ಡೂಲಿ ಬಂದರು. ಕೆಂಪು ಮುಖದ ದೊಡ್ಡಾಳು. ಗೆಲ್ಲುತ್ತಿರುವಷ್ಟು ದಿನ ಕಾಲುಚೀಲ ಬದಲಾಯಿಸುತ್ತಿರಲಿಲ್ಲವಂತೆ. ಈ ಕೆಂಪು ಬೊಟ್ಟು ಏನೆಂದು ಕೇಳಿದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಸೇರಿಕೊಂಡೆ. "ನನ್ನ ಹೆಂಡತಿಯ ಆಶೀರ್ವಾದ" ಎಂದರು ತಾತ. ಮುಂದೆ ಬಂದ ವಸಂತದಲ್ಲಿ, ಅಲ್ಲಿಯವರೆಗೆ ಒಂದು ಕಪ್ಪನ್ನೂ ಗೆಲ್ಲದಿದ್ದ ತಂಡ ಚಾಂಪಿಯನ್ ಆಯಿತು.

ಮುಂದಿನ ವರ್ಷ ಫೈನಲ್ಲಿನ ಹಿಂದಿನ ದಿನ ಕೋಚ್ ಕೋಲುಗಳ ಸಮೇತ ಇಡೀ ತಂಡವನ್ನೇ ಕರೆತಂದರು. ಷಿಕಾಗೋ ಹತ್ತಿರದ ಲೆಮಾಂಟಿನ ದೇವಸ್ಥಾನ ಆಗ ಇನ್ನೂ ಕಟ್ಟಿರಲಿಲ್ಲ. ಪುರೋಹಿತರೆಂದರೆ ನಾನೇ, ಸಾಮಗ್ರಿ ಎಂದರೆ ಮೈಸೂರಿನಿಂದ ತಂದ ಕುಂಕುಮದ ಭರಣಿ. ಆರಡಿ ಹುಡುಗರು ಶೂ ಬಿಚ್ಚಿಟ್ಟು ಸಾಲಾಗಿ ಬಂದು, ಕೋಲು ಚಾಚಿ, "ಥ್ಯಾಂಕ್ಯೂ ಮ್ಯಾಮ್" ಎನ್ನುತ್ತಿದ್ದರು. ನಾನು ತಲೆ ಎತ್ತದೆ ಹಚ್ಚುತ್ತಿದ್ದೆ. ಮತ್ತೆ ಗೆದ್ದರು. ಮೂರನೆಯ ವರ್ಷವೂ ಗೆದ್ದರು. ಯಾರಾದರೂ ಹೊಗಳಿದರೆ ನಾನು ಬಾಯಲ್ಲಿ "ದೇವರ ದಯೆ" ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಎಲ್ಲವೂ ನನ್ನ ಕೈಗುಣ. ದೋಸೆಗೆ ರುಬ್ಬುವಾಗ ಕುಳಿತು ಯೋಚಿಸಿದರೆ, ಗೋಲ್‌ಕೀಪರನಿಗೂ ಸ್ವಲ್ಪ ಪಾಲು ಕೊಡಬಹುದು ಅನಿಸುತ್ತಿತ್ತು.

ನಾಲ್ಕನೆಯ ವರ್ಷ ಫೈನಲ್ ಷಿಕಾಗೋ ಕಡೆ. ಹಿಂದಿನ ಸಂಜೆ ತಂಡ ನಮ್ಮ ಹಾಲಿನಲ್ಲಿ ಸಾಲಾಗಿ ನಿಂತಿತು. ನಾನು ಅಂದು ಬೆಳಗ್ಗೆಯೇ ಮುಟ್ಟಾಗಿದ್ದೆ. ಅಮೆರಿಕದಲ್ಲಿ ಮೂರು ದಿನ ಮೂಲೆಯಲ್ಲಿ ಕೂರಲು ಆಗುವುದಿಲ್ಲ, ಅಡುಗೆ ಮಾಡುವವರು ಯಾರು? ಸಾರು ಮಾಡುತ್ತಿದ್ದೆ, ಕಾರ್ಪೆಟ್ ಗುಡಿಸುತ್ತಿದ್ದೆ, ಕುಂಕುಮದ ಭರಣಿ ಮಾತ್ರ ಮುಟ್ಟುತ್ತಿರಲಿಲ್ಲ. ಇದರಲ್ಲಿ ನ್ಯಾಯವೇನು ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ತಾತ ಅಡುಗೆಮನೆಗೆ ಬಂದರು. "ಏನೇ, ಎಲ್ಲಾರೂ ಕಾಯ್ತಿದಾರೆ, ಬಾರೇ."

"ಆಗಲ್ಲ ರೀ."

"ಯಾಕೆ?"

"ಆಗಲ್ಲ ಅಂದ್ರೆ ಆಗಲ್ಲ. ಇನ್ನು ಮೂರು ದಿನ ಆಗಲ್ಲ."

ತಾತ ಗೋಡೆಯ ಕ್ಯಾಲೆಂಡರ್ ನೋಡಿದರು. "ಇವತ್ತೇನಾ? ಫೈನಲ್ ಇಟ್ಕೊಂಡು?"

"ಅದೇನು ನಿಮ್ಮ ಕೋಚ್‌ನ ಕೇಳ್ಕೊಂಡು ಬರತ್ತಾ? ನೀವೇ ಹಚ್ಬಿಡಿ."

"ನಾನಾ? ನಾನು ಹಚ್ಚಿ ಸೋತ್ರೆ ಕಾಲೇಜಲ್ಲಿ ತಲೆ ಎತ್ಕೊಂಡು ಓಡಾಡಕ್ಕಾಗತ್ತಾ?"

ತಾತ ಹಾಲಿಗೆ ಹೋಗಿ, ಹೆಂಡತಿಗೆ ಮೈ ಸರಿಯಿಲ್ಲ ಎಂದರು. ಡಾಕ್ಟರಿಗೆ ತೋರಿಸಿದಿರಾ ಎಂದು ಕೋಚ್ ಗಾಬರಿಯಿಂದ ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ತಾತ, "ಕಾಯಿಲೆ ಅಲ್ಲ, ಹೆಂಗಸರ ವಿಷಯ" ಎಂದು ನೆಲ ನೋಡಿದರು. ಕೋಚ್ ಮುಖ ಅರಳಿತು. ತಾತನ ಕೈ ಹಿಡಿದು ಕುಲುಕಿ, "ಕಂಗ್ರಾಜುಲೇಷನ್ಸ್!" ಎಂದು ಕೂಗಿದರು. ಹುಡುಗರೆಲ್ಲ ಕೋಲುಗಳನ್ನು ಮೇಲೆತ್ತಿ ಜಯಕಾರ ಹಾಕಿದರು. ನಿಜ ಇದ್ದದ್ದು ಅದಕ್ಕೆ ತದ್ವಿರುದ್ಧ. ಆದರೆ ಅದನ್ನು ಬಿಡಿಸಿ ಹೇಳುವ ಧೈರ್ಯ ನಮ್ಮಿಬ್ಬರಲ್ಲಿ ಒಬ್ಬರಿಗೂ ಇರಲಿಲ್ಲ.

ಮಾರನೆಯ ದಿನ ನಾವೂ ಕಾರಿನಲ್ಲಿ ಹೋಗಿ ಮೈದಾನದ ಮೆಟ್ಟಿಲಿನ ಮೇಲೆ ಕುಳಿತೆವು. ಕೋಲುಗಳು ಬೋಳಾಗಿದ್ದವು. ಹುಡುಗರು ಗೆಲ್ಲಲಿ ಎಂದು ದೇವರಿಗೆ ಕೈಮುಗಿದೆ. ಆದರೆ ಮನಸ್ಸಿನ ಒಂದು ಮೂಲೆ, ಸೋಲಲಿ, ಎನ್ನುತ್ತಿತ್ತು. ತುಂಬಾ ಬೇಡ, ಒಂದೇ ಗೋಲಿನಿಂದ. ಕುಂಕುಮವಿಲ್ಲದೆ ಹೀಗಾಯಿತು ಎಂದು ನಾಲ್ಕು ಜನರಿಗೆ ತಿಳಿಯುವಷ್ಟು. ಇದನ್ನು ನಾನು ತಾತನಿಗೂ ಹೇಳಿರಲಿಲ್ಲ.

ಹನ್ನೊಂದು ಗೋಲುಗಳಿಂದ ಗೆದ್ದರು. ನಾನು ಕುಂಕುಮ ಹಚ್ಚಿದ ವರ್ಷಗಳಲ್ಲಿ ಒಂದೆರಡು ಗೋಲಿನ ಅಂತರದಲ್ಲಿ ಏದುಸಿರು ಬಿಡುತ್ತಾ ಗೆದ್ದವರು ಅವರೇ. ಕೋಚ್ ಮೆಟ್ಟಿಲು ಹತ್ತಿ ಓಡಿಬಂದು, ಆಶೀರ್ವಾದಕ್ಕಿಂತ ಮಗುವಿನ ಅದೃಷ್ಟವೇ ಜೋರು ಎಂದರು. ಇಡೀ ತಂಡ ಕೆಳಗೆ ನಿಂತು ನನ್ನ ಹೊಟ್ಟೆಯ ಕಡೆ ನೋಡಿ ಚಪ್ಪಾಳೆ ತಟ್ಟಿತು. ನಾಚಿಕೆಯಿಂದ ನಾನು ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡೆ. ಇನ್ನು ಅನುಮಾನವೇ ಇಲ್ಲ ಎಂದುಕೊಂಡರು. ಮೂರು ವರ್ಷದ ನನ್ನ ಕೈಗುಣವನ್ನು, ಇನ್ನೂ ಇಲ್ಲದ ಒಂದು ಕೂಸು ಒಂದೇ ಮಧ್ಯಾಹ್ನದಲ್ಲಿ ಕಸಿದುಕೊಂಡಿತು.

ವಾಪಸ್ ಬರುವಾಗ ತಾತ ಕೇಳಿದರು: "ಹೇಳ್ಬಿಡೋಣ್ವೇನೆ?"

"ಏನಂತ ಹೇಳ್ತೀರಿ?"

ಅವರು ಅರ್ಧ ದಾರಿಯ ಕಲಮಜೂವರೆಗೆ ಯೋಚಿಸಿ, ಆಮೇಲೆ ರೇಡಿಯೋ ಹಾಕಿದರು.

ಮುಂದಿನ ವಸಂತದಲ್ಲಿ ತಂಡ ಮತ್ತೆ ಬಂದಾಗ ನಾನು ನಿಜವಾಗಿಯೂ ಐದು ತಿಂಗಳ ಬಸುರಿ. ಕೋಚ್ ನನ್ನ ಹೊಟ್ಟೆ ನೋಡಿದರು, ತಾತನ ಮುಖ ನೋಡಿದರು, ಬೆರಳು ಮಡಿಸಿ ತಿಂಗಳು ಎಣಿಸಿದರು, ಮತ್ತೆ ಮೊದಲಿನಿಂದ ಎಣಿಸಿದರು. ಇಂಡಿಯಾದವರಿಗೆ ಹೀಗೂ ಇರಬಹುದು ಎಂದುಕೊಂಡಿರಬೇಕು. ಬಸುರಿಯಾದ್ದರಿಂದ ಈ ಸಲ ಮುಟ್ಟಿನ ಭಯವಿರಲಿಲ್ಲ. ಕೇಳುವ ಮೊದಲೇ ಭರಣಿ ತೆಗೆದು, ಒಂದೊಂದು ಕೋಲಿಗೂ ಎರಡೆರಡು ಬೊಟ್ಟಿಟ್ಟೆ. ಕುಂಕುಮವೂ ಇತ್ತು, ಮಗುವೂ ಇತ್ತು. ಅವರು ಸೋತರು. ಆಮೇಲೆ ಆ ಕಾಲೇಜಿಗೆ ಕಪ್ ಬರಲೇ ಇಲ್ಲ.

ಸೆಪ್ಟೆಂಬರಿನಲ್ಲಿ ಹುಟ್ಟಿದ ಕೂಸು ನಿಮ್ಮಮ್ಮ. ನಾಲ್ಕನೆಯ ಕಪ್ ತನ್ನದೆಂದು ಅವಳಿಗೆ ನಾನು ಇದುವರೆಗೆ ಹೇಳಿಲ್ಲ. ಹೇಳಿದರೆ ಉಳಿದ ಮೂರರ ಮಾತೂ ಬರುತ್ತದೆ. ಅವು ಯಾರಿಂದ ಬಂದವೆಂದು ಯಾರಾದರೂ ಕೇಳಿದರೆ, ಆಡಿದ ಹುಡುಗರಿಂದ ಎನ್ನಿ. ಬಾಯಲ್ಲಿ ನಾನೂ ಹಾಗೆಯೇ ಹೇಳುತ್ತೇನೆ. ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಆದ್ದರಿಂದ ಈ ಹಾಳೆಗಳನ್ನು ಜೋಪಾನವಾಗಿಡಿ, ನಿಮ್ಮಮ್ಮನ ಕೈಗೆ ಸಿಗದ ಕಡೆ.