ಆಯುಷ್ಯಕ್ಕೆ ಎಷ್ಟು ಮಾರ್ಕ್ಸ್?

ದಾವಣಗೆರೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟುಕೊಂಡ ನನಗೆ ಸೂಜಿಗೆ ಹೆದರುವ ಜನ ಹೊಸಬರಲ್ಲ. ಆದರೆ ಚುಚ್ಚುವಾಗ ಇಲ್ಲದ ತಲೆನೋವು ರಿಪೋರ್ಟ್ ಕೊಟ್ಟ ಮೇಲೆ ಶುರುವಾಗುತ್ತದೆ, ಅದೂ ನನಗೆ.

೧. ಔಟ್ ಆಫ್ ಎಷ್ಟು?

ಸರಸ್ವತಿ ನಗರದ ನಿವೃತ್ತ ಹೆಡ್‌ಮೇಷ್ಟ್ರಿಗೆ ಎಪ್ಪತ್ತಾರು ವರ್ಷ. ಥೈರಾಯ್ಡ್ ರಿಪೋರ್ಟಿನಲ್ಲಿ ಟಿಎಸ್‌ಎಚ್ ಆರು ಬಂದಿತ್ತು. ಕನ್ನಡಕ ಏರಿಸಿ ಕೇಳಿದರು, "ಔಟ್ ಆಫ್ ಎಷ್ಟ್ರೀ?"

"ಮಾರ್ಕ್ಸ್ ಅಲ್ಲ ಸರ್. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಮೆದುಳು ಕಳಿಸೋ ಹಾರ್ಮೋನು ಇದು. ಗ್ರಂಥಿ ಮೈಗಳ್ಳತನ ಮಾಡಿದಷ್ಟೂ ಇದು ಏರತೈತೆ."

"ಮೆಮೋ ಅನ್ರಿ ಹಂಗಾರೆ! ನಾನೂ ಭಾಳ ಕೊಟ್ಟೀನಿ. ಒಬ್ಬ ಮೇಷ್ಟ್ರೂ ಕೆಲ್ಸ ಮಾಡ್ಲಿಲ್ಲ."

೨. ಮರುಮೌಲ್ಯಮಾಪನ

ಡಾಕ್ಟರು ಮಾತ್ರೆ ಬರೆಯಲಿಲ್ಲ. ಈ ವಯಸ್ಸಿಗೆ ತುಸು ಏರುವುದು ಸಹಜ, ಬಹಳ ವರ್ಷ ಬದುಕಿದವರಲ್ಲೂ ಹೀಗೆ ಕಾಣುವುದುಂಟು ಅಂದರಂತೆ. ಮೇಷ್ಟ್ರು "ಸಹಜ"ವನ್ನು ಆಸ್ಪತ್ರೆಯಲ್ಲೇ ಬಿಟ್ಟು, ಉಳಿದದ್ದನ್ನು "ಅಂಕಿ ಏರಿದಷ್ಟೂ ಆಯುಷ್ಯ" ಅಂತ ಪಾರ್ಕಿಗೆ ಒಯ್ದರು. ಮರುದಿನ ವಾಕಿಂಗ್ ಗೆಳೆಯರೆಲ್ಲ ನನ್ನ ಬಾಗಿಲಲ್ಲಿ ಸಾಲು. ಒಬ್ಬರಿಗೆ ಎರಡು ಬಂತು. ಪೂರ್ತಿ ನಾರ್ಮಲ್. ಮನುಷ್ಯ ಕಂಗಾಲಾದರು.

"ಇನ್ನೊಂದ್ಸಲ ನೋಡ್ರಿ. ಮೇಷ್ಟ್ರಿಗೆ ಆರು, ನನಗೆ ಎರಡಾ? ಜೀವನದಾಗ ಒಂದು ಬೀಡಿ ಸೇದಿದೋನಲ್ಲ ನಾನು!"

೩. ಬೀಗರ ಪಾದ

ಸುದ್ದಿ ಹರಿಹರದಲ್ಲಿದ್ದ ಮೇಷ್ಟ್ರ ಬೀಗರಿಗೂ ಮುಟ್ಟಿತು. ಅವರ ಗ್ರಂಥಿ ಎಂದೋ ಕೈಕೊಟ್ಟಿತ್ತು. ಬಂಡಿ ಓಡುತ್ತಿದ್ದದ್ದೇ ದಿನದ ಮಾತ್ರೆಯಿಂದ. ಮಾತ್ರೆ ಅಂಕಿ ಇಳಿಸುತ್ತದೆ, ಅಂಕಿ ಇಳಿದರೆ ಆಯುಷ್ಯವೂ ಇಳಿಯುತ್ತದೆ ಎಂದು ತರ್ಕ ಮಾಡಿ, ಯಾರಿಗೂ ಹೇಳದೆ ಮೂರು ತಿಂಗಳು ಬಿಟ್ಟೇಬಿಟ್ಟರು.

ಭೀಮನ ಅಮಾವಾಸ್ಯೆ ಬಂತು. ಗಂಡನ ಆಯುಷ್ಯಕ್ಕಾಗಿ ಹೆಂಡತಿ ಉಪವಾಸವಿದ್ದು ಪಾದಪೂಜೆ ಮಾಡುವ ದಿನ. ಅರಿಸಿನ ಹಚ್ಚಲು ಕೂತ ಬೀಗಿತ್ತಿಗೆ ಗಂಡನ ಪಾದದ ಗುರುತೇ ಹತ್ತಲಿಲ್ಲ, ಹಾಗೆ ಊದಿಕೊಂಡಿದ್ದವು. ಪೂಜೆ ಮಾಡಿಸಿಕೊಳ್ಳುವ ದೇವರು ಕೂತಲ್ಲೇ ಗೊರಕೆ ಹೊಡೆಯುತ್ತಿತ್ತು. ಅರಿಸಿನ ಕುಂಕುಮದ ಸಮೇತ ಆಟೋ ಹತ್ತಿಸಿ ನನ್ನಲ್ಲಿಗೆ ಕರೆತಂದರು.

ಟಿಎಸ್‌ಎಚ್ ನಲವತ್ತೆಂಟು! ನಿಜ ಹೇಳುತ್ತೇನೆ, ನನಗೇ ಭಯವಾಯಿತು. ಪಕ್ಕದ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ.

"ಕೂದ್ಲು ತಾನಾಗಿ ನೆರೆಯೋದು ಬೇರೆ, ಸುಣ್ಣ ಬಳಕೊಳ್ಳೋದು ಬೇರೆ," ಎಂದು, ಮಾತ್ರೆ ಬಿಟ್ಟ ಕತೆ ಬಾಯಿಬಿಡಿಸಿದ ಡಾಕ್ಟರು ಉಗಿದರು. "ಇನ್ನಷ್ಟು ದಿನ ಬಿಟ್ಟಿದ್ರೆ ಜೀವಕ್ಕೇ ಕುತ್ತಿತ್ತು. ದಿನಾ ಬೆಳಗ್ಗೆ ಖಾಲಿ ಹೊಟ್ಟಿಗೆ ಮಾತ್ರೆ. ಆಮೇಲೆ ಒಂದು ತಾಸು ಕಾಫಿ, ತಿಂಡಿ ಏನೂ ಬ್ಯಾಡ."

ಬೀಗರು ಸಣ್ಣ ದನಿಯಲ್ಲಿ ಕೇಳಿದರು, "ದಿನಾ ಒಂದು ತಾಸು ಹೊಟ್ಟಿಗಿಲ್ದೆ ಹೆಂಗ್ ಇರೋದ್ರೀ?"

ಅಲ್ಲಿಯವರೆಗೂ ಅಳುತ್ತಿದ್ದ ಬೀಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತರು. "ನಲವತ್ತು ವರ್ಷ ನಿಮ್ಮ ಆಯುಷ್ಯಕ್ಕೆ ನಾನು ಉಪವಾಸ ಇದ್ದೆ. ಇನ್ಮ್ಯಾಲೆ ನೀವೇ ಇರ್ರಿ!"